ಹೆಂಗಸರ ಗುಂಡಿ

ಮೇಸ್ತ್ರಿಯ ಸೊಂಟದಲ್ಲಿ ಹದಿನಾಲ್ಕು ಬೀಗದಕೈಗಳಿದ್ದವು. ಹದಿಮೂರರ ಮೇಲೆ ಕಡಲದಂಡೆ ಗುಡಿಸುವ ಹೆಂಗಸರಿಗೆ ಆಸೆಯಿರಲಿಲ್ಲ. ಅವರ ಕಣ್ಣೆಲ್ಲ ಹದಿನಾಲ್ಕನೆಯದರ ಮೇಲೆ. ಅದು ಕಕ್ಕಸಿನ ಬಾಗಿಲಿನದು.

ಆ ಕಕ್ಕಸನ್ನು ದಿನಾ ಬೆಳಿಗ್ಗೆ ಏಳಕ್ಕೆ ತೊಳೆಯುತ್ತಿದ್ದವರು ಅವರೇ, ಆರು ಜನ. ಇಬ್ಬರು ನೀರು ಹೊಯ್ಯಬೇಕು. ಇಬ್ಬರು ತಿಕ್ಕಬೇಕು. ಇಬ್ಬರು ಮಂಡಿಯೂರಿ ಒರೆಸಬೇಕು. ಬಿಳಿ ನೆಲದಲ್ಲಿ ಮುಖ ಕಾಣುವ ತನಕ ಒರೆಸಬೇಕು; ಯಾರ ಮುಖ ಅನ್ನುವುದು ಬೇರೆ ಮಾತು. ಮೇಸ್ತ್ರಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಹೊರಗೆ. ಬಾಗಿಲಿಗೆ ಬೀಗ. ಎಂಟು ಗಂಟೆಗೆ ದಂಡೆ ನೋಡಲು ಅತಿಥಿಗಳು ಬಂದರೆ ಅದೇ ಬೀಗ ನಗುತ್ತಾ ಬಾಯಿ ತೆರೆಯುತ್ತಿತ್ತು.

ನಾವ್ಯಾಕೆ ಹೋಗಬಾರದು ಎಂದು ಒಮ್ಮೆ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ನಿಮ್ಮ ಕಾಲಲ್ಲಿ ಮರಳಿರುತ್ತೆ."

"ದಂಡೆ ಗುಡಿಸೋರ ಕಾಲಲ್ಲಿ ಮರಳಲ್ದೆ ಮಲ್ಲಿಗೆ ಇರುತ್ತೇನಪ್ಪ?" ಎಂದಳು ಚಾಟಿ. ಮೈ ಚಾಟಿಯ ಹಾಗೆ ತೆಳ್ಳಗೆ, ನಾಲಿಗೆಯೂ ಹಾಗೇ. ಅವಳ ನಿಜವಾದ ಹೆಸರು ಅವಳ ಗಂಡನಿಗೂ ಮರೆತುಹೋಗಿತ್ತು.

ಆರು ಜನರಲ್ಲಿ ಹಿರಿಯಳು ಹಿಮ್ಮಡಿಯಕ್ಕ. ಮರಳಿನ ಮೇಲೆ ಹಿಮ್ಮಡಿ ಊರಿ ಒಂದು ಸಲ ತಿರುವಿದರೆ ಸಾಕು, ಕೆಳಗೆ ನೀರೆಷ್ಟಿದೆ, ಬಿಸಿಯೆಷ್ಟಿದೆ, ಆಮೆ ಅಗೆಯುತ್ತದೆಯೋ ಇಲ್ಲವೋ ಹೇಳುತ್ತಿದ್ದಳು. ಹನ್ನೆರಡನೆಯ ವಯಸ್ಸಿನಿಂದ ಆ ದಂಡೆಯಲ್ಲೇ ಇದ್ದಾಳೆ. ಈಗ ಐವತ್ತಮೂರು. ಹಾಗಾಗಿ ದಂಡೆ ನೋಡಿಕೊಳ್ಳುವ ಕಚೇರಿಯವರು ಅವಳ ಕೈಗೆ ಗುಡಿಸಲು ಪೊರಕೆಯ ಜೊತೆಗೆ ಬರೆಯಲು ಒಂದು ಪುಸ್ತಕವನ್ನೂ ಕೊಟ್ಟಿದ್ದರು. ಗೂಡಿನ ಪುಸ್ತಕ. ಮೊಟ್ಟೆಯಿಡುವ ಕಾಲದಲ್ಲಿ ಬೆಳಕು ಹರಿಯುವ ಹೊತ್ತಿಗೆ ದಂಡೆಯುದ್ದಕ್ಕೂ ನಡೆದು, ಎಲ್ಲಿ ಆಮೆ ಹತ್ತಿದೆ, ಎಲ್ಲಿ ಮೊಟ್ಟೆಯಿಟ್ಟಿದೆ ಎಂದು ಬರೆಯಬೇಕು. ಪ್ರತಿ ಪುಟಕ್ಕೂ ಅಚ್ಚು ಹಾಕಿದ ಸಂಖ್ಯೆ. ಹರಿಯುವಂತಿಲ್ಲ, ಅಂಟಿಸುವಂತಿಲ್ಲ. ಕೊನೆಗೆ ಅವಳ ಸಹಿ ಇಲ್ಲದಿದ್ದರೆ ಆ ವರ್ಷದ ವರದಿ ಕಚೇರಿಯ ಮೆಟ್ಟಿಲು ಇಳಿಯುವುದಿಲ್ಲ.

ಈ ವರ್ಷ ಅವಳ ಸಹಿಗಾಗಿ ಸಮುದ್ರದಲ್ಲಿ ಒಂದು ಹಡಗೇ ಕಾದು ನಿಂತಿತ್ತು.

ಅದರ ಕಥೆ ಹೀಗೆ. ಕೆಲವು ವರ್ಷಗಳಿಂದ ಅಲೆಗಳು ದಂಡೆಯನ್ನು ತಿನ್ನುತ್ತಾ ತಿನ್ನುತ್ತಾ ರಸ್ತೆಯವರೆಗೆ ಬಂದಿದ್ದವು. ಕಚೇರಿ ದಂಡೆಗೆ ಮರುಜೀವ ಕೊಡುವುದಾಗಿ ಹೇಳಿತು. ಹಡಗು ಬಂತು. ಕಡಲ ತಳದ ಮರಳನ್ನು ನೀರಿನ ಜೊತೆ ಹೀರಿ, ಆಳೆತ್ತರದ ಕೊಳವೆಯಿಂದ ದಂಡೆಗೆ ಕಕ್ಕಿತು. ಬೂದು ಬಣ್ಣದ ಮರಳು. ಅದರಲ್ಲಿ ಜೇಡಿ, ಚಿಪ್ಪಿನ ಚೂರು, ಕೊಳೆತ ನಾತ. ಬುಲ್ಡೋಜರ್‌ಗಳು ಎರಡು ತಿಂಗಳು ಅದರ ಮೇಲೆ ಓಡಾಡಿ ಹಪ್ಪಳದ ಹಾಗೆ ಸಮ ಮಾಡಿದವು. ದಂಡೆಯ ಮೇಲಿದ್ದ ಬಳ್ಳಿ, ಪೊದೆ, ಕುರುಚಲು ಎಲ್ಲ ಕಿತ್ತರು. ಸಾಲುದೀಪ ನೆಟ್ಟರು, ಕಲ್ಲುಬೆಂಚು ಹಾಕಿದರು, ಕಕ್ಕಸು ಕಟ್ಟಿದರು. ಫೋಟೋದಲ್ಲಿ ನೋಡಿದರೆ ಸ್ವರ್ಗಕ್ಕೆ ಮೂರೇ ಗೇಣು.

ಕರೀ ಬಂಡೆಗಳ ಆಚೆ ಅರ್ಧ ಮೈಲಿ ಹಳೆ ಮರಳು ಇನ್ನೂ ಉಳಿದಿತ್ತು. ಕೆಂಪು ಮಿಶ್ರಿತ, ಹಿಟ್ಟಿನಂಥ ಮರಳು. ಹೊಸ ದಂಡೆಯಲ್ಲಿ ಆಮೆಗಳು ಗೂಡು ಮಾಡಿವೆ ಎಂದು ಪುಸ್ತಕ ಹೇಳಿದರೆ ಅದರ ಮೇಲೂ ಇದೇ ಬೂದು ಮರಳು ಸುರಿಯುತ್ತಾರೆ. ಕೊಳವೆ ಆಗಲೇ ಬಂಡೆಯ ಪಕ್ಕಕ್ಕೆ ಬಂದು ಬಾಯಿ ತೆರೆದುಕೊಂಡು ಮಲಗಿತ್ತು.

ಹಿಮ್ಮಡಿಯಕ್ಕ ಹೊಸ ಮರಳಿನ ಮೇಲೆ ಮೊದಲ ದಿನ ಹಿಮ್ಮಡಿ ಊರಿ ತಿರುವಿದಳು. ಹಿಮ್ಮಡಿ ತಿರುಗಿತು, ಮರಳು ತಿರುಗಲಿಲ್ಲ.

"ಇದು ಮರಳಲ್ಲ ಕಣೇ. ರಸ್ತೆ," ಎಂದಳು.

ಮೊಟ್ಟೆಯಿಡುವ ಕಾಲ ಬಂತು. ಬೆಳಿಗ್ಗೆ ನೋಡಿದರೆ ಜಾಡುಗಳು. ಅಲೆಯ ಅಂಚು ಹೊಸ ಮರಳನ್ನು ಕೊರೆದು ಸೊಂಟದೆತ್ತರದ ಗೋಡೆ ಮಾಡಿಬಿಟ್ಟಿತ್ತು. ಕೆಲವು ಆಮೆಗಳು ಆ ಗೋಡೆಯ ಬುಡದಲ್ಲೇ ನೂರು ಹೆಜ್ಜೆ ಅತ್ತ, ನೂರು ಹೆಜ್ಜೆ ಇತ್ತ ಓಡಾಡಿ ಹಿಂದಕ್ಕೆ ಹೋಗಿದ್ದವು. ಕೆಲವು ಹೇಗೋ ಹತ್ತಿದ್ದವು. ಹತ್ತಿ, ಹಿಂಗಾಲಿನಿಂದ ನಾಲ್ಕು ಬೆರಳಿನಷ್ಟು ಕೆರೆದು, ಪಕ್ಕಕ್ಕೆ ಸರಿದು ಮತ್ತೆ ಕೆರೆದು, ಇನ್ನೊಂದು ಕಡೆ ಕೆರೆದು, ತಿರುಗಿ ಹೋಗಿದ್ದವು. ಆಮೆಗೆ ಬೇಕಾದದ್ದು ಬಿಂದಿಗೆಯಂಥ ಗುಂಡಿ, ಮೊಣಕೈ ಮುಳುಗುವಷ್ಟು ಆಳ. ಒಂದು ಕಡೆ ಕೆರೆದ ಮರಳಿನಲ್ಲಿ ಕೆಂಪಗೆ ಏನೋ ಅಂಟಿತ್ತು. ಹಿಮ್ಮಡಿಯಕ್ಕ ಬೆರಳಿಂದ ಮುಟ್ಟಿ ಮೂಸಿದಳು. ರಕ್ತ.

ಗೂಡು ಮಾಡಿ ಹೋದ ಆಮೆಯ ಜಾಡು ಹಗುರ. ಮಾಡದೆ ಹೋದದ್ದರ ಜಾಡು ಬಂದಷ್ಟೇ ಭಾರ. ಅದಕ್ಕೆ ಅವಳು ತುಂಬುಹೊಟ್ಟೆಯ ಜಾಡು ಎನ್ನುತ್ತಿದ್ದಳು. ಒಂದೂವರೆ ತಿಂಗಳಲ್ಲಿ ಮೂವತ್ತೆಂಟು ತುಂಬುಹೊಟ್ಟೆಯ ಜಾಡು. ಗೂಡು ಸೊನ್ನೆ.

ಈಗ ಗುಂಡಿಯ ವಿಷಯ. ಹೇಳಲು ಸ್ವಲ್ಪ ಮುಜುಗರದ್ದು. ಆದರೆ ಈ ಕಥೆಗೆ ಬೇರೆ ದಾರಿಯಿಲ್ಲ.

ಮೊದಲು ಪೊದೆಗಳಿದ್ದವು. ಹೆಂಗಸರು ಪೊದೆಯ ಮರೆಗೆ ಹೋಗುತ್ತಿದ್ದರು. ಪೊದೆ ಕಿತ್ತ ಮೇಲೆ ದಂಡೆ ಬೋಳುತಲೆಯಾಯಿತು. ಬೆಳಗಿನ ಐದರಿಂದ ಮಧ್ಯಾಹ್ನ ಮೂರರವರೆಗೆ ಕೆಲಸ. ಮನೆ ದೂರ. ಹೆಂಗಸರು ನೀರು ಕುಡಿಯುವುದನ್ನು ಬಿಟ್ಟರು. ಬಿಸಿಲಿಗೆ ತುಟಿ ಒಡೆಯುತ್ತಿತ್ತು, ಕುಡಿಯುತ್ತಿರಲಿಲ್ಲ. ಹೊಟ್ಟೆಯ ಕೆಳಗೆ ಉರಿ. ಒಬ್ಬಳಿಗೆ ಚಳಿಜ್ವರ ಬಂತು. ಬಾಯಾರಿಕೆಯನ್ನು ತಡೆಯುವುದು, ಅದನ್ನೂ ತಡೆಯುವುದು, ಎರಡನ್ನೂ ತಡೆದು ಮುಖದ ಮೇಲೆ ಏನೂ ತೋರಿಸದೆ ಪೊರಕೆ ಬೀಸುವುದು: ಇದನ್ನು ಯಾರೂ ಕೆಲಸ ಎಂದು ಲೆಕ್ಕ ಹಿಡಿಯುವುದಿಲ್ಲ. ಹಿಮ್ಮಡಿಯಕ್ಕ ಇದರಲ್ಲಿ ಪಳಗಿದವಳು. ಆದರೆ ಅವಳ ಸೊಸೆಯೂ ಇದೇ ಗುಂಪಿನಲ್ಲಿದ್ದಳು, ಅವಳಿಗೆ ಆಗ ಮೂರು ತಿಂಗಳು. ಮೂರು ತಿಂಗಳ ಬಸುರು ಯಾರ ಮಾತನ್ನೂ ಕೇಳುವುದಿಲ್ಲ.

"ಅತ್ತೆ, ಇನ್ನು ಆಗಲ್ಲ," ಎಂದಳು ಒಂದು ದಿನ, ಕಣ್ಣಲ್ಲಿ ನೀರು ತುಂಬಿಕೊಂಡು.

"ಅಗೆಯೋಣ," ಎಂದಳು ಹಿಮ್ಮಡಿಯಕ್ಕ.

ಕಕ್ಕಸಿನ ಹಿಂಗೋಡೆಯ ಹಿಂದೆ, ಕಡಲ ಕಡೆಗೆ, ಯಾರೂ ಬಾರದ ಜಾಗ. ರಸ್ತೆಯಿಂದ ಗೋಡೆ ಮರೆ. ಉಳಿದ ಮೂರು ಕಡೆಗೆ ಗುಂಡಿಯೇ ಮರೆಯಾಗಬೇಕು. ಕೂತರೆ ತಲೆ ಕಾಣಬಾರದು. ಅಷ್ಟು ಆಳ ಅಗೆಯಬೇಕು. ಕೈಯಿಂದ ಆಗಲಿಲ್ಲ, ಸಲಿಕೆಯಿಂದಲೂ ಆಗಲಿಲ್ಲ. ಚಾಟಿ ಹಾರೆ ತಂದಳು. ಸರದಿಯ ಮೇಲೆ ಕುಟ್ಟಿದರು. ಮೊದಲ ದಿನ ಎಲ್ಲರ ಅಂಗೈಯಲ್ಲೂ ಬೊಬ್ಬೆ.

"ಒಂದು ಚೊಂಬು ನೀರು ಇಳಿಸೋಕೆ ಬಾವಿ ತೋಡಿದ ಹಾಗಾಯ್ತಲ್ಲೇ!" ಎಂದಳು ಚಾಟಿ. ಎಲ್ಲರೂ ನಕ್ಕರು. ನಕ್ಕದ್ದರಿಂದ ಸೊಸೆಗೆ ಇನ್ನೂ ಅವಸರವಾಯಿತು.

ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿ ಮೇಲೆ ಕಸಪೊರಕೆ ಆಡಿಸಬೇಕು, ಮೇಸ್ತ್ರಿಯ ಕಣ್ಣಿಗೆ ಬೀಳಬಾರದು. ಮರುದಿನ ಅದರ ಪಕ್ಕದಲ್ಲಿ ಹೊಸ ಗುಂಡಿ. ಆಚೆ ದಿನ ಅದರ ಪಕ್ಕ. ಕೈಕಾಲು ತೊಳೆಯಲು ಕಡಲಿಗಿಳಿಯುತ್ತಿದ್ದರಲ್ಲ, ಆರು ಜನ ದಿನಾ ಹತ್ತಿಳಿದು ಅಲ್ಲಿದ್ದ ಸೊಂಟದೆತ್ತರದ ಮರಳುಗೋಡೆ ಸವೆದು ಇಳಿಜಾರಾಯಿತು. ಹೀಗೆ ನಾಲ್ಕು ತಿಂಗಳಲ್ಲಿ ಗೋಡೆಯ ಹಿಂದೆ ನಲವತ್ತು ಹೆಜ್ಜೆ ಉದ್ದದ ಪಟ್ಟಿಯನ್ನು ಹೆಂಗಸರು ಸೊಂಟದಾಳ ಅಗೆದು ಮುಚ್ಚಿ, ಅಗೆದು ಮುಚ್ಚಿ, ಹಿಟ್ಟು ಮಾಡಿಟ್ಟಿದ್ದರು.

ಇದು ಗೊತ್ತಿದ್ದದ್ದು ಆರು ಜನಕ್ಕೆ. ಮನೆಯಲ್ಲೂ ಹೇಳಿರಲಿಲ್ಲ.

ಆ ದಿನಗಳಲ್ಲೇ ಕಚೇರಿಯ ಇಂಜಿನಿಯರ್ ಬಂದ. ಚಿಕ್ಕ ವಯಸ್ಸು, ಹೊಳೆಯುವ ಬೂಟು, ಕೈಯಲ್ಲಿ ಉದ್ದದ ಉಕ್ಕಿನ ಸಲಾಕೆ. ಅದನ್ನು ಮರಳಿಗೆ ಒತ್ತಿದರೆ ಮೇಲಿನ ಮುಳ್ಳು ಎಷ್ಟು ಗಟ್ಟಿ ಎಂದು ತೋರಿಸುತ್ತದೆ. ಇಡೀ ದಂಡೆಯಲ್ಲಿ ಇಪ್ಪತ್ತು ಕಡೆ ಒತ್ತಿ ನೋಡಬೇಕು ಎಂಬುದು ನಿಯಮ. ಬೆಳಿಗ್ಗೆ ಹತ್ತು ಗಂಟೆ. ಬೂದು ಮರಳು ಬಾಣಲೆಯಾಗಿತ್ತು. ದಂಡೆಯಲ್ಲಿ ನೆರಳಿದ್ದದ್ದು ಒಂದೇ ಕಡೆ, ಕಕ್ಕಸಿನ ಹಿಂದೆ.

ಇಂಜಿನಿಯರ್ ನೆರಳಿಗೆ ಬಂದ. ಸಲಾಕೆ ಒತ್ತಿದ. ಅದು ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯಿತು. ಅವನ ಮುಖ ಅರಳಿತು. ಎರಡು ಹೆಜ್ಜೆ ಸರಿದು ಇನ್ನೊಮ್ಮೆ. ಮತ್ತೊಮ್ಮೆ. ನೆರಳು ಮುಗಿಯುವುದರೊಳಗೆ ಇಪ್ಪತ್ತೂ ಮುಗಿಸಿದ.

"ಎಷ್ಟು ಮೃದು! ನೋಡಿದ್ರಾ ಮೇಸ್ತ್ರಿ? ಸುಮ್ನೆ ಆಡ್ಕೊಳ್ತಾರೆ ಜನ, ಹೊಸ ಮರಳು ಗಟ್ಟಿ ಅಂತ."

ಮೇಸ್ತ್ರಿಗೂ ಆಶ್ಚರ್ಯ. "ಹೌದು ಸಾರ್," ಎಂದ.

ದೂರದಲ್ಲಿ ಆರು ಹೆಂಗಸರು ತಲೆಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ ಬಾಯಿಗೆ ತುರುಕಿಕೊಂಡಿದ್ದರು. ಚಾಟಿ ಕೂತೇಬಿಟ್ಟಳು. "ಅಯ್ಯೋ, ಆ ಸಲಾಕೇನ ಇನ್ನು ಅವನು ಕೈಯಲ್ಲಿ ಮುಟ್ಟಿ ಒರೆಸ್ತಾನಲ್ಲೇ..." ಎನ್ನುವಷ್ಟರಲ್ಲಿ ಅವನು ಒರೆಸಿಯೂ ಆಗಿತ್ತು, ಅದೇ ಕೈಯಲ್ಲಿ ಬಿಸ್ಕತ್ತು ತೆಗೆದಿದ್ದ.

ಆದರೆ ನಗುವ ದಿನಗಳು ಹೆಚ್ಚಿರಲಿಲ್ಲ. ಅದೇ ವಾರ ಒಂದು ಬೆಳಿಗ್ಗೆ ಕಕ್ಕಸು ತೊಳೆಯುತ್ತಿದ್ದಾಗ ಸೊಸೆ ಸುಮ್ಮನೆ ಒಂದು ಬಾಗಿಲು ತಳ್ಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮೇಸ್ತ್ರಿ ಚಿಲಕದ ಸದ್ದು ಕೇಳಿದ.

"ಯಾರದು ಒಳಗೆ? ಈಚೆ ಬಾ!"

"ಬಸುರಿ ಹೆಂಗಸು, ಬಿಡಪ್ಪ," ಎಂದಳು ಹಿಮ್ಮಡಿಯಕ್ಕ.

ಅವನು ಬಿಡಲಿಲ್ಲ. ಬಾಗಿಲನ್ನು ಬೂಟುಗಾಲಿನಿಂದ ಒದ್ದ. ಎರಡು ಸಲ. ಅವತ್ತು ಬೇಗ ಬಂದಿದ್ದ ಅತಿಥಿಗಳು ನಾಲ್ಕು ಜನ ಹೊರಗೆ ನಿಂತು ನೋಡುತ್ತಿದ್ದರು. ಸೊಸೆ ಬಟ್ಟೆ ಸರಿಮಾಡಿಕೊಳ್ಳುತ್ತಾ ಈಚೆ ಬಂದಳು. ಅವಳ ಕೆಲಸ ಆಗಿರಲಿಲ್ಲ. ಆದದ್ದು ಅರ್ಧ, ಅದೂ ಮೈಮೇಲೆ.

"ನೋಡು, ಮರಳು," ಎಂದು ಮೇಸ್ತ್ರಿ ನೆಲ ತೋರಿಸಿದ. "ಪೂರ್ತಿ ಮತ್ತೆ ಒರೆಸು. ನೀನೊಬ್ಬಳೇ."

ಅವಳು ಒದ್ದೆ ಬಟ್ಟೆಯಲ್ಲೇ ಮಂಡಿಯೂರಿದಳು. ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಒರೆಸಲು ಬಾಗಿದ ಉಳಿದವರನ್ನು ಅವನು ತಡೆದ. ಹಿಮ್ಮಡಿಯಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಆ ಹೊತ್ತಿನಲ್ಲಿ ಅವಳಿಗೆ ಬಂದದ್ದು ಸಿಟ್ಟಲ್ಲ. ನಾಚಿಕೆ. ತಪ್ಪು ಮಾಡಿದವನು ಎದುರಿಗೆ ಎದೆಯುಬ್ಬಿಸಿ ನಿಂತಿದ್ದಾನೆ, ನಾಚಿಕೆ ಮಾತ್ರ ತನ್ನ ಮೈಗೆ ಬಂದಿದೆ. ಈ ಸಾಮಾನು ಯಾವಾಗಲೂ ತಪ್ಪು ವಿಳಾಸಕ್ಕೇ ಯಾಕೆ ಬರುತ್ತದೆ? ನಲವತ್ತು ವರ್ಷದಿಂದ ಬರುತ್ತಿದೆ. ಅವಳು ಒಂದು ಮಾತೂ ಕೇಳದೆ ಇಳಿಸಿಕೊಳ್ಳುತ್ತಿದ್ದಾಳೆ.

ಅದಾದ ನಾಲ್ಕನೆಯ ಬೆಳಿಗ್ಗೆ ಗೋಡೆಯ ಹಿಂದೆ ಜಾಡು ಕಂಡಿತು. ಇಳಿಜಾರಿನಲ್ಲಿ ಹತ್ತಿ, ನೇರವಾಗಿ ಹೆಂಗಸರ ಪಟ್ಟಿಗೆ. ದಂಡೆಯುದ್ದಕ್ಕೂ ಸಾಲುದೀಪ, ಅಲ್ಲಿ ಮಾತ್ರ ಗೋಡೆಯ ನೆರಳಿಗೆ ಕತ್ತಲೆ. ಹೋಗುವ ಜಾಡು ಹಗುರ. ಹಿಮ್ಮಡಿಯಕ್ಕ ಮಂಡಿಯೂರಿ ಕೈ ಇಳಿಸಿದಳು. ಮಣಿಕಟ್ಟು, ಮೊಣಕೈ. ಬೆರಳ ತುದಿಗೆ ಮೆತ್ತಗಿನ, ಒದ್ದೆ ಚರ್ಮದಂಥ ದುಂಡನೆಯದು ತಾಗಿತು. ಅವಳು ಕೈ ತೆಗೆಯಲೇ ಇಲ್ಲ, ಬಹಳ ಹೊತ್ತು.

"ಏನತ್ತೆ?" ಎಂದು ಸೊಸೆ ಓಡಿಬಂದಳು.

"ನಮ್ಮ ಗುಂಡಿಗೆ ಬಾಡಿಗೆಗೆ ಬಂದಿದ್ದಾಳೆ."

ಆಮೇಲೆ ಒಂದರ ಹಿಂದೆ ಒಂದು. ಹೆಂಗಸರು ಗೂಡಿನ ಸುತ್ತ ಕಡ್ಡಿ ನೆಟ್ಟು ತಮ್ಮ ಗುಂಡಿಯನ್ನು ಮುಂದಕ್ಕೆ ಸರಿಸಿದರು. ಅವರು ಬಿಟ್ಟ ಜಾಗಕ್ಕೆ ಆಮೆಗಳು ಬಂದವು.

"ನಾವು ಎದ್ದ ಕಡೆ ಅವಳು ಕೂರ್ತಾಳೆ," ಎಂದಳು ಚಾಟಿ. "ವಾರಗಿತ್ತಿ ಇದ್ದ ಹಾಗೆ."

ಹನ್ನೊಂದು ಗೂಡಾದವು. ಹನ್ನೊಂದೂ ಆ ನಲವತ್ತು ಹೆಜ್ಜೆಯೊಳಗೆ.

ಇಂಜಿನಿಯರ್ ಕುಣಿದಾಡಿದ. ದಂಡೆಯ ಕೆಲಸಕ್ಕೆ ಒಪ್ಪಿಗೆ ಕೊಡುವ ಸಮಿತಿಯಿಂದ ಆಮೆಗಳ ವಿಷಯ ಓದಿದ ಮೇಡಂ ಒಬ್ಬರು ಬರುವವರಿದ್ದರು. ಅವರು ನೋಡಿ ಒಪ್ಪಿದರೆ ಕೊಳವೆ ಬಂಡೆ ದಾಟುತ್ತದೆ. ಅವನು ಹಿಮ್ಮಡಿಯಕ್ಕನನ್ನು ಕರೆದು ಕೂರಿಸಿದ, ಅಂದರೆ ತಾನು ಕುರ್ಚಿಯಲ್ಲಿ, ಅವಳು ನೆಲದಲ್ಲಿ.

"ನೋಡಿ, ಪುಸ್ತಕದ ಕೊನೇ ಪುಟದಲ್ಲಿ 'ಹೊಸ ದಂಡೆಯಲ್ಲಿ ಹನ್ನೊಂದು ಗೂಡು' ಅಂತ ಬರೆದು ಸಹಿ ಹಾಕಿಬಿಡಿ. ಅಷ್ಟೇ."

"ವಾಪಸ್ ಹೋದ ಮೂವತ್ತೆಂಟು?"

"ಅದು ಯಾಕೆ? ಗೂಡಿನ ಪುಸ್ತಕ ಅಲ್ವಾ? ಗೂಡು ಮಾತ್ರ ಬರೀರಿ."

"ಹನ್ನೊಂದೂ ಒಂದೇ ಕಡೆ ಇದೆಯಲ್ಲ ಸಾರ್. ಯಾಕೆ ಅಂತ ಬರೀಬೇಡ್ವಾ?"

"ಅದು ನಮಗೆ ಬಿಡಿ. ಸಹಿ ಹಾಕದಿದ್ರೆ..." ಅವನು ಮೇಸ್ತ್ರಿಯ ಕಡೆ ನೋಡಿದ.

"ಪೊರಕೆ ಹಿಡಿಯೋಕೆ ನೂರು ಜನ ಇದ್ದಾರೆ," ಎಂದ ಮೇಸ್ತ್ರಿ.

ಅವತ್ತು ಮನೆಯಲ್ಲಿ ಅತ್ತೆ ಸೊಸೆ ಎದುರುಬದುರು ಕೂತರು. ಮಗ ಲಾರಿಯ ಮೇಲೆ ದೂರದೂರಿಗೆ ಹೋಗಿದ್ದ. ಒಂದೇ ಕೋಣೆ, ಒಂದೇ ಕಿಟಕಿ. ಸೊಸೆ ಊದಿದ ಪಾದಗಳನ್ನು ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದಳು. ಹಿಮ್ಮಡಿಯಕ್ಕನ ತಲೆಯಲ್ಲಿ ಒಂದೇ ಗಾಣ ತಿರುಗುತ್ತಿತ್ತು. ಸುಮ್ಮನೆ ಸಹಿ ಹಾಕಿದರೆ ಹಳೆ ಮರಳು ಹೋಗುತ್ತದೆ. ಮುಂದಿನ ವರ್ಷ ಆಮೆಗಳಿಗೆ ಎಲ್ಲೂ ಜಾಗವಿಲ್ಲ. ನಿಜ ಹೇಳಿದರೆ ಆರು ಹೆಂಗಸರು ಎಲ್ಲಿ ಹೋಗಿ ಕೂರುತ್ತಾರೆ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಹೆಣ್ಣು ಮುಚ್ಚಿಟ್ಟುಕೊಳ್ಳುವುದರಲ್ಲಿ ಇದಕ್ಕಿಂತ ಒಳಗಿನದು ಯಾವುದಿದೆ? ಪ್ರೀತಿ ಮಾಡಿದ್ದನ್ನಾದರೂ ಹೇಳಬಹುದು. ಇದನ್ನು?

"ಹೇಳಿಬಿಡಿ ಅತ್ತೆ," ಎಂದಳು ಸೊಸೆ.

"ನಿನ್ನ ಮಾನದ ಪ್ರಶ್ನೆ ಕಣೇ."

"ನನ್ನ ಮಾನ ಅವತ್ತು ನೆಲ ಒರೆಸುವಾಗಲೇ ಬಕೆಟ್ಟಿಗೆ ಹಿಂಡಿದ್ದೀನಿ. ಇನ್ನೇನಿದೆ ಮುಚ್ಚೋಕೆ?" ನೀರಿನಲ್ಲಿ ಪಾದ ಆಡಿಸಿದಳು. "ಆ ಆಮೆ ವಾಪಸ್ ಹೋಗುವಾಗ ಹೇಗಿರುತ್ತೆ ಅಂತ ನನಗೆ ಗೊತ್ತು ಅತ್ತೆ. ನಿಮಗಿಂತ ಚೆನ್ನಾಗಿ ಗೊತ್ತು."

"ಚಾಟಿ ಒಪ್ತಾಳಾ?"

"ಅವಳಿಗೆ ಹೇಳೋಕೆ ಬಿಟ್ರೆ ಮೈಕು ಕೇಳ್ತಾಳೆ."

ಮೇಡಂ ಬಂದ ದಿನ ಶಾಮಿಯಾನ ಹಾಕಿದ್ದರು, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು. ಹೆಂಗಸರಿಗೆ ಹಿಂದೆ ಬಿಸಿಲಲ್ಲಿ ಸಾಲಾಗಿ ನಿಲ್ಲಲು ಹೇಳಿದ್ದರು, ಪೊರಕೆ ಹಿಡಿದು, ಫೋಟೋಗೆ. ಮೇಡಂ ತೆಳು ಬಣ್ಣದ ಟೋಪಿ ಹಾಕಿದ್ದರು. ಸುಮಾರು ಹಿಮ್ಮಡಿಯಕ್ಕನ ವಯಸ್ಸೇ. ಅವರು ಕುರ್ಚಿಯಲ್ಲಿ ಕೂರಲೇ ಇಲ್ಲ. ಗೂಡಿನ ಕಡ್ಡಿಗಳನ್ನು ಒಂದೊಂದಾಗಿ ನೋಡಿಕೊಂಡು ಬಂದು ಕೇಳಿದರು:

"ಎರಡು ಮೈಲಿ ದಂಡೆ. ಹನ್ನೊಂದು ಗೂಡೂ ಈ ನಲವತ್ತು ಹೆಜ್ಜೆಯಲ್ಲೇ ಯಾಕಿವೆ?"

"ಗಾಳಿಯ ದಿಕ್ಕು ಮೇಡಂ," ಎಂದ ಇಂಜಿನಿಯರ್. "ಮತ್ತೆ ಇಳಿಜಾರು, ಅಲೆಯ ಒತ್ತಡ, ಹೀಗೆ ಹಲವು ಕಾರಣ..."

ಹಿಂದಿನ ಸಾಲಿನಿಂದ ಯಾರೋ ಮೂಗಿನಲ್ಲಿ ನಕ್ಕರು.

"ಪುಸ್ತಕ ಬರೆಯೋರು ಯಾರು?"

ಹಿಮ್ಮಡಿಯಕ್ಕ ಪೊರಕೆ ಕೆಳಗಿಟ್ಟು ಮುಂದೆ ಬಂದಳು. ಹಿಮ್ಮಡಿಯನ್ನು ಮರಳಿಗೆ ಊರಿದಳು.

"ಮೇಡಂ, ಮೊದಲು ಸಾರ್ ಒಂದು ಗುಂಡಿ ಅಗೀಲಿ. ಆಮೇಲೆ ಹೇಳ್ತೀನಿ."

"ನಾನಾ?" ಎಂದ ಇಂಜಿನಿಯರ್.

"ಆಮೆಗೆ ಸಲಾಕೆ ಇಲ್ಲ ಸಾರ್, ಹಾರೆನೂ ಇಲ್ಲ. ಕೈಯಲ್ಲೇ. ಅಲ್ಲಿ, ಶಾಮಿಯಾನದ ಮುಂದೆ. ಮೊಣಕೈ ಮುಳುಗಿದ್ರೆ ಸಾಕು. ಈಗಲೇ ಸಹಿ ಹಾಕ್ತೀನಿ."

ಮೇಡಂ ಅವನನ್ನೇ ನೋಡುತ್ತಿದ್ದರು. ಅವನು ಬೇರೆ ದಾರಿಯಿಲ್ಲದೆ ಮಂಡಿಯೂರಿದ. ಕೆರೆದ. ಮೊದಲ ನಾಲ್ಕು ಬೆರಳು ಸಲೀಸು. ಅದರ ಕೆಳಗೆ ಕಡಲ ತಳದ ಜೇಡಿ ಒಣಗಿ ಹೆಂಚಾಗಿತ್ತು. ಅವನು ಎರಡೂ ಕೈ ಹಾಕಿದ. ಬೆನ್ನಿನ ಮೇಲೆ ಅಂಗಿ ಒದ್ದೆಯಾಯಿತು. ಪಕ್ಕಕ್ಕೆ ಸರಿದು ಇನ್ನೊಂದು ಕಡೆ ಕೆರೆದ. ಮತ್ತೆ ಸರಿದ. ಚಿಪ್ಪಿನ ಚೂರು ಉಗುರಿನ ಸಂದಿಗೆ ಹೋಗಿ ರಕ್ತ ಬಂತು.

"ಥೂ!" ಎಂದು ಬೆರಳನ್ನು ಬಾಯಿಗಿಟ್ಟುಕೊಂಡ.

"ಆಮೇನೂ ಹಾಗೇ ಅಂದಿರುತ್ತೆ ಸಾರ್," ಎಂದಳು ಚಾಟಿ. "ಮೂವತ್ತೆಂಟು ಸಲ."

ಹಿಮ್ಮಡಿಯಕ್ಕ ಮೇಡಂ ಅವರನ್ನು ಗೋಡೆಯ ಹಿಂದೆ ಗೂಡಿಲ್ಲದ ಒಂದು ಮೂಲೆಗೆ ಕರೆದೊಯ್ದಳು. ಉಳಿದವರೂ ಹಿಂದೆಯೇ ಬಂದರು. ಮೇಡಂ ಮಂಡಿಯೂರಿ, ತೋಳಿನ ಬಟ್ಟೆ ಮಡಚಿ ಕೈ ಹಾಕಿದರು. ಕೈ ಮೊಣಕೈವರೆಗೆ ಜಾರಿತು.

"ಇದೇ ಮರಳು ತಾನೆ? ಅದೇ ಹಡಗಿನಿಂದ ಬಂದದ್ದು?"

"ಅದೇ ಮೇಡಂ."

"ಮತ್ತೆ ಇದೊಂದು ಕಡೆ ಹೇಗೆ ಇಷ್ಟು ಸಡಿಲ ಆಯ್ತು?"

ಹಿಮ್ಮಡಿಯಕ್ಕ ಹಿಂದೆ ನಿಂತ ಐದು ಮುಖಗಳನ್ನು ನೋಡಿದಳು. ಸೊಸೆ ತಲೆಯಾಡಿಸಿದಳು.

"ನಾವು ಅಗೆದದ್ದು ಮೇಡಂ. ಒಂದಕ್ಕೆ ಕೂರೋಕೆ. ಆರು ಜನ, ನಾಲ್ಕು ತಿಂಗಳು. ಈ ಗೋಡೆ ಆ ಕಡೆ ಕಕ್ಕಸು ಇದೆ, ನಾವೇ ತೊಳೀತೀವಿ, ನಮಗೆ ಬಿಡಲ್ಲ. ಪೊದೆ ಕಿತ್ರು. ಅದಕ್ಕೆ ದಿನಾ ಗುಂಡಿ ತೋಡ್ತೀವಿ, ಮುಚ್ತೀವಿ. ತೊಳ್ಕೊಳ್ಳೋಕೆ ಕಡಲಿಗಿಳಿದು ಇಳಿದು ಆ ಇಳಿಜಾರು ಆಯ್ತು. ಈ ದಂಡೇಲಿ ಆಮೆ ಹತ್ತೋಕೆ ಆಗೋ ಜಾಗ ಅದೊಂದೇ, ಅಗೆಯೋಕೆ ಆಗೋ ಜಾಗ ಇದೊಂದೇ. ಇದನ್ನ ಮಾಡಿದ್ದು ಕಚೇರಿ ಅಲ್ಲ. ನಮ್ಮ ಅವಸರ."

ಮೇಸ್ತ್ರಿ ಸೊಂಟದ ಗೊಂಚಲನ್ನು ಅಂಗಿಯೊಳಗೆ ಮುಚ್ಚಿಕೊಂಡ. ಇಂಜಿನಿಯರ್ ತನ್ನ ಬೆರಳನ್ನು ಬಾಯಿಂದ ತೆಗೆದು, ಅದನ್ನೇ ದಿಟ್ಟಿಸಿ, ದೂರಕ್ಕೆ ಹಿಡಿದುಕೊಂಡ. ಅವನಿಗೆ ಆ ಇಪ್ಪತ್ತು ಸಲಾಕೆಯೂ ನೆನಪಾಗಿರಬೇಕು, ಬಿಸ್ಕತ್ತೂ.

ಆದರೆ ಓದಿದ ತಲೆ. ಬೇಗ ಚೇತರಿಸಿಕೊಂಡ. "ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮೇಡಂ! ಇದು ಸಮುದಾಯದ ಸಹಭಾಗಿತ್ವ. ಇವರು ಹೀಗೇ ಮುಂದುವರಿಸಲಿ. ಕಕ್ಕಸು ತೆರೆದುಕೊಡೋದು ಬೇಡ. ಬಂಡೆ ಆಚೆನೂ ಇದೇ ವ್ಯವಸ್ಥೆ ಮಾಡಬಹುದು."

ಹಿಮ್ಮಡಿಯಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನಲವತ್ತು ವರ್ಷದ ನಡುಕ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಆಗಲಿ ಸಾರ್. ಆರು ಜನಕ್ಕೆ ನಾಲ್ಕು ತಿಂಗಳಲ್ಲಿ ನಲವತ್ತು ಹೆಜ್ಜೆ. ಎರಡು ಮೈಲಿಗೆ ನಮ್ಮ ಆರು ಹೊಟ್ಟೆ ಸಾಲಲ್ಲ. ನೀವೂ ಬನ್ನಿ. ಮೇಸ್ತ್ರಿನೂ ಬರಲಿ. ಕಚೇರಿಯವರೆಲ್ಲ ದಿನಾ ಬೆಳಿಗ್ಗೆ ಐದಕ್ಕೆ ಹಾರೆ ಹಿಡ್ಕೊಂಡು ಬಂದು ಸಾಲಾಗಿ ಕೂತ್ರೆ, ಮುಂದಿನ ವರ್ಷಕ್ಕೆ ದಂಡೆ ಪೂರ್ತಿ ಸಡಿಲ ಆಗುತ್ತೆ."

ಮೇಡಂ ಮುಖ ತಿರುಗಿಸಿಕೊಂಡರು. ಅವರ ಭುಜ ಕುಲುಕುತ್ತಿತ್ತು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿ. "ಮೇಸ್ತ್ರಿ, ಬೀಗ ತೆಗೀರಿ. ನನಗೂ ಹೋಗಬೇಕು, ಬೆಳಿಗ್ಗೆಯಿಂದ ಪ್ರಯಾಣ."

ಮೇಸ್ತ್ರಿ ಓಡಿದ. ಬಾಗಿಲು ತೆರೆದು ಮೈಬಗ್ಗಿಸಿ ನಿಂತ. ಅಷ್ಟರಲ್ಲಿ ಬಾಗಿಲ ಮುಂದೆ ಆರು ಜನರ ಸಾಲು ನಿಂತಿತ್ತು. ಮುಂದೆ ಸೊಸೆ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು.

"ಏಯ್, ಮೇಡಂ ಮೊದಲು!" ಎಂದು ಗದರಿದ.

"ಸಾಲು ಇದೆ ಮೇಡಂ," ಎಂದಳು ಹಿಮ್ಮಡಿಯಕ್ಕ.

"ಕಾಣ್ತಿದೆ," ಎಂದರು ಮೇಡಂ. ಹೋಗಿ ಏಳನೆಯವರಾಗಿ ನಿಂತರು. ಅವರ ಕಾಲಿಗೆ ಮಂಡಿಯವರೆಗೆ ಬೂದು ಮರಳು. ಮೇಸ್ತ್ರಿ ಆ ಕಾಲನ್ನೂ, ಬಿಳಿ ನೆಲವನ್ನೂ ನೋಡಿ ಪಕ್ಕಕ್ಕೆ ಸರಿದ. ಸೊಸೆ ಒಳಗೆ ಹೋಗಿ ಚಿಲಕ ಹಾಕಿದಳು. ಬಹಳ ಹೊತ್ತು ಬರಲಿಲ್ಲ. ಯಾರೂ ಬಾಗಿಲು ಒದೆಯಲಿಲ್ಲ. ಒಳಗೆ ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅವಳು ಹಾಡು ಗುನುಗುವುದೂ ಕೇಳಿಸಿತು.

ಮಧ್ಯಾಹ್ನ ಹಿಮ್ಮಡಿಯಕ್ಕ ಬಿಳಿ ಬಟ್ಟೆಯ ಕುರ್ಚಿಯಲ್ಲಿ ಕೂತು ಗೂಡಿನ ಪುಸ್ತಕ ತೆರೆದಳು. ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದಳು. ಹೊಸ ದಂಡೆಗೆ ಮೂವತ್ತೆಂಟು ಆಮೆ ಬಂದು ತುಂಬುಹೊಟ್ಟೆಯಲ್ಲಿ ಹಿಂದಕ್ಕೆ ಹೋಗಿವೆ. ಹನ್ನೊಂದು ಗೂಡು ಆಗಿದೆ. ಹನ್ನೊಂದೂ ಆಗಿರುವುದು, ಕಕ್ಕಸಿಗೆ ಬಿಡದ ಕಾರಣ ಆರು ಹೆಂಗಸರು ಉಚ್ಚೆ ಹೊಯ್ಯಲು ಅಗೆದ ಗುಂಡಿಗಳ ಜಾಗದಲ್ಲಿ. ಕೆಳಗೆ ಸಹಿ. ಅದರ ಕೆಳಗೆ ಉಳಿದ ಐವರೂ ಕೇಳದೆಯೇ ಬಂದು ಸಹಿ ಹಾಕಿದರು. ಚಾಟಿ ತನ್ನ ಮರೆತ ಹೆಸರನ್ನು ನೆನಪಿಸಿಕೊಂಡು ಬರೆದಳು. ಪಕ್ಕದಲ್ಲಿ ಮೇಡಂ ಸಹಿ, ದಿನಾಂಕ. ಅವರು ಹೊರಟುಹೋದರು.

ಮೂರನೆಯ ದಿನ ಇಂಜಿನಿಯರ್ ಪುಸ್ತಕ ಹಿಡಿದು ಬಂದ. ಬೆರಳಿಗೆ ಬಟ್ಟೆ ಸುತ್ತಿತ್ತು. ಈ ಸಲ ಅವನೇ ಮರಳಿನ ಮೇಲೆ ಕೂತ.

"ಹಿಮ್ಮಡಿಯಕ್ಕ, ನಿಮ್ಮನ್ನ ಕೆಲಸದಿಂದ ತೆಗೆಯಲ್ಲ. ಕಕ್ಕಸಿನ ಬೀಗನೂ ಹಾಕಿಸಲ್ಲ. ಒಂದೇ ಒಂದು ಉಪಕಾರ ಮಾಡಿ. ಈ ಸಾಲು ಹೊಡೆದುಹಾಕಿ ಬೇರೆ ಬರೀರಿ. 'ಮಾನವ ಚಟುವಟಿಕೆಯಿಂದ ಮರಳು ಸಡಿಲಗೊಂಡಿದೆ' ಅಂತ. ಸಾಕು."

"ಯಾಕೆ ಸಾರ್? ಸುಳ್ಳಿದೆಯಾ ಅದರಲ್ಲಿ?"

"ಸುಳ್ಳಲ್ಲ. ಆದ್ರೆ ಈ ಪುಟವನ್ನ ನಾನು ದೊಡ್ಡವರ ಸಭೇಲಿ ಎದ್ದು ನಿಂತು ಓದಬೇಕು. ಓದದೆ ವರದಿ ಹೋಗಲ್ಲ, ವರದಿ ಹೋಗದೆ ಕೊಳವೆ ಅಲ್ಲಾಡಲ್ಲ. ಆ ಪದ ಹೇಗೆ ಓದಲಿ? ಯಾರು ಬಿಡಲಿಲ್ಲ, ಯಾಕೆ ಬಿಡಲಿಲ್ಲ ಅಂತ ಕೇಳ್ತಾರೆ. ನಾನು ಎಲ್ಲಿ ಸಲಾಕೆ ಹಾಕಿದೆ ಅಂತ ಕೇಳ್ತಾರೆ." ಅವನ ಕಿವಿಯೆಲ್ಲ ಕೆಂಪಾಗಿತ್ತು. "ನಾಚಿಕೆಯಾಗುತ್ತೆ ನನಗೆ."

ಹಿಮ್ಮಡಿಯಕ್ಕ ಪುಸ್ತಕ ತೆಗೆದುಕೊಂಡಳು. ಆ ಸಾಲನ್ನು ಇನ್ನೊಮ್ಮೆ ಓದಿದಳು. ಒಂದು ಕಡೆ ಅಕ್ಷರ ಸ್ವಲ್ಪ ಮಾಸಿದ ಹಾಗೆ ಕಂಡಿತು. ಪೆನ್ನು ಇಸಿದುಕೊಂಡು ಅದರ ಮೇಲೆ ತಿದ್ದಿ ಇನ್ನಷ್ಟು ದಪ್ಪ ಮಾಡಿ ವಾಪಸು ಕೊಟ್ಟಳು.

"ಆಗಲಿ ಸಾರ್," ಎಂದಳು. "ಇಷ್ಟು ದಿನ ನಮಗಾಗ್ತಿತ್ತು. ಇನ್ನು ಸ್ವಲ್ಪ ದಿನ ನೀವು ಇಟ್ಕೊಳ್ಳಿ."